ಕುಡುಗೋಲಿಗೆ ಹತ್ತುವ ತಾಮ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ತಂಬಾಕಿನ ಸಸಿಮಡಿಗೂ ಶುಂಠಿ ಹೊಲಕ್ಕೂ ಕೊಳೆರೋಗದ ಭಯವಿದೆ. ಅದಕ್ಕೆ ಹಳೆಯ ಮದ್ದು ಬೋರ್ಡೋ ದ್ರಾವಣ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಬೇಕು. ಬೆರೆಸಿದ ಮೇಲೆ, ಉಜ್ಜಿ ಹೊಳಪು ಬಂದ ಕುಡುಗೋಲಿನ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಗಂದು ಲೇಪ ಕೂತರೆ ಸುಣ್ಣ ಸಾಲದು.

ಆ ಲೇಪ ಅಪ್ಪಟ ತಾಮ್ರ. ಮೈಲುತುತ್ತದಲ್ಲಿರುವ ತಾಮ್ರದ ಅಯಾನು ಕಬ್ಬಿಣದಿಂದ ಎರಡು ಎಲೆಕ್ಟ್ರಾನುಗಳನ್ನು ಕಸಿದುಕೊಂಡು ಲೋಹವಾಗುತ್ತದೆ. ಕೊಟ್ಟ ಕಬ್ಬಿಣ ಅಯಾನಾಗಿ ನೀರಿಗೆ ಇಳಿಯುತ್ತದೆ. ಕಸಿದುಕೊಳ್ಳುವುದು ಉತ್ಕರ್ಷಣಕಾರಿ, ಕೊಡುವುದು ಅಪಕರ್ಷಣಕಾರಿ.

ಯಾವುದು ಬಲಶಾಲಿ ಎಂದು ಅಳೆಯಲು ಪ್ರಮಾಣಿತ ಅಪಕರ್ಷಣ ವಿಭವ ಎಂಬ ಅಳತೆಯಿದೆ. ಹೈಡ್ರೋಜನ್‌ಗೆ ಸೊನ್ನೆ ಎಂದು ಇಟ್ಟುಕೊಂಡರೆ ತಾಮ್ರಕ್ಕೆ +0.34 ವೋಲ್ಟ್, ಕಬ್ಬಿಣಕ್ಕೆ −0.44, ಸತುವಿಗೆ −0.76, ಬೆಳ್ಳಿಗೆ +0.80. ಅಂಕಿ ಮೇಲಿದ್ದಷ್ಟೂ ಆ ಅಯಾನು ಎಲೆಕ್ಟ್ರಾನ್ ಕಸಿಯುವುದರಲ್ಲಿ ಗಟ್ಟಿ. ಕೆಳಗಿದ್ದಷ್ಟೂ ಆ ಲೋಹ ಕೊಡುವುದರಲ್ಲಿ ಧಾರಾಳಿ. ತಾಮ್ರಕ್ಕೂ ಕಬ್ಬಿಣಕ್ಕೂ 0.78 ವೋಲ್ಟ್ ಅಂತರವಿರುವುದರಿಂದಲೇ ಅಲಗು ಕೆಂಪೇರುತ್ತದೆ. ಬೆಳ್ಳಿಯ ಚಮಚ ಅದ್ದಿದರೆ ಅದರ ಮೇಲೆ ತಾಮ್ರ ಕೂರದು. ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದಕ್ಕೂ ಇದೇ ಕಾರಣ.

ಹಾಗಾದರೆ ಸುಣ್ಣ ಸಾಕಷ್ಟಿದ್ದಾಗ ಅಲಗು ಬೆಳ್ಳಗೇ ಏಕೆ ಉಳಿಯುತ್ತದೆ? ತಾಮ್ರವೂ ಅದೇ, ಕಬ್ಬಿಣವೂ ಅದೇ. ಪಟ್ಟಿಯ ಅಂಕಿಗಳು ಒಂದು ಲೀಟರಿಗೆ ಒಂದು ಮೋಲ್ ಅಯಾನು ಇದ್ದಾಗ ಮಾತ್ರ ಸಲ್ಲುತ್ತವೆ. ಸುಣ್ಣ ತಾಮ್ರದ ಅಯಾನುಗಳನ್ನು ಹಿಡಿದು, ನೀರಿನಲ್ಲಿ ಕರಗದ ನೀಲಿ ಚರಟವಾಗಿಸುತ್ತದೆ. ಕರಗಿ ಉಳಿದ ತಾಮ್ರ ಹತ್ತು ಪಟ್ಟು ಇಳಿದಾಗಲೆಲ್ಲ ವಿಭವ ಸುಮಾರು 0.03 ವೋಲ್ಟ್ ಕುಗ್ಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಕಾಣುವಷ್ಟು ಲೇಪ ಕೂರಲು ಅಯಾನುಗಳೇ ಉಳಿದಿರುವುದಿಲ್ಲ.

ರಾಸಾಯನಿಕದ ಬಲವನ್ನು ಪಟ್ಟಿ ನೋಡಿ ಮಾತ್ರ ಹೇಳಲಾಗದು. ಎದುರಿಗೆ ಯಾರು, ಎಷ್ಟು ಸಾಂದ್ರತೆ, ದ್ರಾವಣ ಆಮ್ಲವೋ ಕ್ಷಾರವೋ ಎಂದೂ ಕೇಳಬೇಕು. ಪರ್ಮಾಂಗನೇಟನ್ನೇ ನೋಡಿ: ಆಮ್ಲದಲ್ಲಿ ಅದರ ವಿಭವ 1.51 ವೋಲ್ಟ್, ಕ್ಷಾರದಲ್ಲಿ ಸುಮಾರು 0.6 ಮಾತ್ರ.

ಕರಗಿ ಉಳಿದ ತಾಮ್ರ ಎಳೆಯ ಎಲೆಯನ್ನು ಸುಡುತ್ತದೆ. ಆದ್ದರಿಂದ ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ, ಬೆರೆಸಿ, ಅಲಗು ಕೆಂಪೇರದಾಗುವವರೆಗೆ ಸುಣ್ಣದ ತಿಳಿ ಸೇರಿಸಿ, ಅಂದೇ ಬಳಸಿ ಮುಗಿಸಬೇಕು.