ಉಳ್ಳಾಗಡ್ಡಿ ಸಿಪ್ಪೆಯಿಂದ ತತ್ತಿಗೆ ಬಣ್ಣ



ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಗೆ ಉಳ್ಳಾಗಡ್ಡಿ ಹೊಸದಲ್ಲ. ಗಾಳಿಗೆ ಹಾರಿಹೋಗುವ ಅದರ ಒಣ ಸಿಪ್ಪೆಯಲ್ಲಿ ಒಳ್ಳೆಯ ಬಣ್ಣವಿದೆ. ಈಸ್ಟರ್ ಹಬ್ಬದಲ್ಲಿ ಕ್ರೈಸ್ತರು, ಹೊಸ ವರ್ಷದ ನೌರೋಜ್‌ನಲ್ಲಿ ಇರಾನಿನ ಜನರು ತತ್ತಿಗೆ ಬಣ್ಣ ಹಾಕುತ್ತಾರೆ. ಹಲವು ದೇಶಗಳಲ್ಲಿ ಅದಕ್ಕೆ ಈ ಸಿಪ್ಪೆಯೇ ಸಾಕು. ಮಕ್ಕಳ ಸಂತೋಷಕ್ಕೆ ನೀವೂ ಮಾಡಬಹುದು.

ಮಾಡುವ ಕ್ರಮ

8-10 ಉಳ್ಳಾಗಡ್ಡಿಗಳ ಒಣ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿರಿ. ಆರಿದ ಮೇಲೆ ಒಂದು ಲಿಂಬೆಹಣ್ಣಿನ ರಸ ಹಿಂಡಿರಿ. ತೊಳೆದ ಬಿಳಿ ತತ್ತಿಗಳನ್ನು ಅದರಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬಂದ ಮೇಲೆ 10-12 ನಿಮಿಷ ಬೇಯಿಸಿರಿ. ಕೆಂಗಂದು ಬಣ್ಣ ಬರುತ್ತದೆ. ಸ್ಟೀಲ್ ಪಾತ್ರೆ ಒಳ್ಳೆಯದು.

ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಅಂಶ. ಹುಳಿ ತಗುಲಿದರೆ ಅದರ ಮೇಲ್ಮೈ ತುಸು ಕರಗಿ ಬಣ್ಣ ಹಿಡಿಯುತ್ತದೆ. ಹುಳಿ ಅತಿಯಾದರೆ ಚಿಪ್ಪೇ ಕೆಡುತ್ತದೆ.

ಹಳದಿಗೆ 2-3 ಚಮಚ ಅರಿಷಿಣ, ತಿಳಿ ಗುಲಾಬಿಗೆ ಬೀಟ್‌ರೂಟ್ ಬಳಸಿರಿ. ಅರಿಷಿಣಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ನಿಮಗೆ ಗೊತ್ತೇ ಇದೆ. ಹುಳಿ ಸೇರಿದರೆ ಹಳದಿಯೇ ಉಳಿಯುತ್ತದೆ. ಕೊತ್ತಂಬರಿ ಎಲೆಯನ್ನು ತತ್ತಿಗೆ ಅಂಟಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಬೇಯಿಸಿದರೆ ಎಲೆಯ ಅಚ್ಚು ಮೂಡುತ್ತದೆ. ಒಣಗಿದ ಮೇಲೆ ಶೇಂಗಾ ಎಣ್ಣೆ ಸವರಿದರೆ ಹೊಳಪು ಬರುತ್ತದೆ. ಬೆಂದ ತತ್ತಿಯನ್ನು ಬಿಸಿಲಿನ ದಿನಗಳಲ್ಲಿ ಹೊರಗಿಟ್ಟು ಕೆಡಿಸದೆ ಅಂದೇ ತಿನ್ನಿರಿ.

ಜವಾರಿ ಹೆಸರಿನ ಮೋಸ

ಇದೇ ವಿದ್ಯೆ ಮೋಸಕ್ಕೂ ಬಳಕೆಯಾಗುತ್ತಿದೆ. ಬಿಳಿ ಫಾರ್ಮ್ ತತ್ತಿಗೆ ಚಹಾ ನೀರಿನ ಬಣ್ಣ ಹಿಡಿಸಿ, ಜವಾರಿ ತತ್ತಿ ಎಂದು ಹೆಚ್ಚಿನ ದರಕ್ಕೆ ಮಾರಿದ್ದು ದೇಶದ ಕೆಲವು ಪೇಟೆಗಳಲ್ಲಿ ಬೆಳಕಿಗೆ ಬಂದಿದೆ. ಇದರಿಂದ ಕೊಳ್ಳುವವನ ಹಣ ಹೋಗುತ್ತದೆ. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿ ಸಂತೆಗೆ ತತ್ತಿ ತರುವ ನಮ್ಮ ಹೆಣ್ಣುಮಕ್ಕಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಜವಾರಿ ತತ್ತಿ ಸಾಮಾನ್ಯವಾಗಿ ಚಿಕ್ಕದು. ಒಂದು ಬುಟ್ಟಿಯ ತತ್ತಿಗಳಲ್ಲಿ ಬಣ್ಣ ಒಂದೇ ಸಮನಾಗಿರುವುದಿಲ್ಲ; ಕೆಲವು ಬಿಳುಪು, ಕೆಲವು ಕಂದು. ದೊಡ್ಡ ಗಾತ್ರದ, ಅಚ್ಚಿನಲ್ಲಿ ತೆಗೆದಂತೆ ಒಂದೇ ಬಣ್ಣದ ರಾಶಿ ಕಂಡರೆ ವಿಚಾರಿಸಿರಿ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಟ್ಟೆಗೆ ಹತ್ತಿದರೆ ಅದು ಹಚ್ಚಿದ ಬಣ್ಣವೇ.

ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುವುದು. ಅದರಿಂದ ಸತ್ವ ಹೆಚ್ಚು ಕಡಿಮೆ ಆಗದು. ಬಣ್ಣಕ್ಕಿಂತ ತಾಜಾತನ ನೋಡಿರಿ: ನೀರಿನಲ್ಲಿ ಬಿಟ್ಟಾಗ ತಾಜಾ ತತ್ತಿ ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ತೇಲುತ್ತದೆ.

ಕಾವಿಗೆ ಇಡುವ ತತ್ತಿಗೆ ಮಾತ್ರ ಬಣ್ಣವೂ ಬೇಡ, ತೊಳೆಯುವುದೂ ಬೇಡ. ಮಾರುವ ತತ್ತಿ ಹೇಗಿದೆಯೋ ಹಾಗೇ ಇರಲಿ.