ಅಜ್ಜಿಯ ಮಾತು, ಪುಸ್ತಕದ ಮಾತು

ಪ್ರೌಢಶಾಲೆಯ ಉಪಾಧ್ಯಾಯನಾದವನು ವರ್ಷಕ್ಕೊಮ್ಮೆಯಾದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ: "ಮುಂದೆ ಏನಾಗಬೇಕೆಂದಿದ್ದೀರಿ?" ಹತ್ತನೆಯ ತರಗತಿಯಲ್ಲಿ ನಾನು ಹೀಗೆ ಕೇಳಿದಾಗಲೆಲ್ಲ, 'ಡಾಕ್ಟರ್' ಎಂಬ ಉತ್ತರದೊಡನೆ ಹತ್ತಾರು ಕೈಗಳು ಮೇಲೇಳುತ್ತವೆ. ಅವುಗಳಲ್ಲಿ ಎಷ್ಟು ಕೈಗಳು ಮುಂದೆ ನಾಡಿ ಹಿಡಿದಾವೆಂಬುದನ್ನು ಬಲ್ಲ ನಾನು ನಕ್ಕು ಸುಮ್ಮನಾಗುವುದು ವಾಡಿಕೆ.

ಹೋದ ವರ್ಷ ಹಾಗೆ ಕೈಯೆತ್ತಿದವರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳಿದ್ದಳು. ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ಒಂದನೆಯ ತರಗತಿಯಿಂದಲೂ ಕನ್ನಡದಲ್ಲಿಯೇ ಓದಿದವಳು. ಬುದ್ಧಿವಂತೆ. ಅವಳನ್ನು ಕರೆದು ಮುಂದಿನ ದಾರಿಯ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಪಿ.ಯು.ಸಿ. ವಿಜ್ಞಾನ ಎರಡು ವರ್ಷ, ಅದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಬಳಿಕ ನೀಟ್ ಪರೀಕ್ಷೆ. 2025ರ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳು; ಅವುಗಳಲ್ಲಿ 90 ಜೀವಶಾಸ್ತ್ರದವು. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ ಗಳಿಸಿದ್ದರಲ್ಲಿ 1 ಕಳೆತ. ಕನ್ನಡದಲ್ಲಿಯೂ ಬರೆಯಬಹುದು. ಗೆದ್ದರೆ ನಾಲ್ಕೂವರೆ ವರ್ಷಗಳ ವ್ಯಾಸಂಗ, ಅದರ ಮೇಲೊಂದು ವರ್ಷ ಆಸ್ಪತ್ರೆಯಲ್ಲಿ ದುಡಿಮೆ. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ.

ಒಂದು ದಿನ ಹೃದಯದ ಪಾಠ ನಡೆಯುತ್ತಿತ್ತು. ಹೃತ್ಕರ್ಣ, ಹೃತ್ಕುಕ್ಷಿಗಳನ್ನು ಹಲಗೆಯ ಮೇಲೆ ಬಿಡಿಸಿ ತಿರುಗಿ ನೋಡಿದರೆ, ಇವಳು ಬೇರೆ ಏನನ್ನೋ ಬರೆಯುತ್ತಿದ್ದಾಳೆ! ಪುಸ್ತಕವನ್ನು ಕಸಿದುಕೊಂಡೆ. ಹಾಳೆಯ ಮೇಲೆ ಮೂರು ಅಂಕಣಗಳು: 'ಅಜ್ಜಿಯ ಮಾತು', 'ಪುಸ್ತಕದ ಮಾತು', 'ಇಂಗ್ಲಿಷ್ ಮಾತು'. ಮೊದಲ ಅಂಕಣದಲ್ಲಿ ಜೋಮು, ಚಳುಕು, ಸೆಳೆತ, ಉರಿ, ಏದುಸಿರು, ಹೊಟ್ಟೆ ತೊಳಸುವುದು, ಕಣ್ಣು ಕತ್ತಲೆ ಬರುವುದು ಎಂದು ಸಾಲಾಗಿ ಬರೆದಿದ್ದಳು. ಉಳಿದೆರಡು ಅಂಕಣಗಳಲ್ಲಿ ಅರ್ಧಕ್ಕರ್ಧ ಖಾಲಿ.

"ಇದನ್ನು ಯಾವ ಪರೀಕ್ಷೆಯಲ್ಲಿ ಕೇಳುತ್ತಾರಮ್ಮಾ?" ಎಂದೆ.

"ಕೇಳುವುದಿಲ್ಲ ಸಾರ್. ಅಜ್ಜಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುವುದು. ಅಜ್ಜಿ ಕಾಲು ಜೋಮು ಎಂದರೆ ಡಾಕ್ಟರಿಗೆ ತಿಳಿಯಲಿಲ್ಲ. ಅವರು ಈ ಕಡೆಯವರಲ್ಲ. ನಾನು ನೋವು ಅಂದುಬಿಟ್ಟೆ. ನೋವಿನ ಮಾತ್ರೆ ಕೊಟ್ಟರು. ಅದು ನೋವಲ್ಲ ಸಾರ್."

ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಕಾಲಿನ ನರಗಳು ಕೆಡುತ್ತವೆ. ಮೊದಲು ಜೋಮು, ಕೊನೆಗೆ ಮುಳ್ಳು ಚುಚ್ಚಿದರೂ ಅರಿವಾಗದ ಸ್ಥಿತಿ. ಇದು ವಿಜ್ಞಾನದ ಮೇಷ್ಟ್ರಾದ ನನಗೆ ಗೊತ್ತಿತ್ತು. ಆದರೂ, "ಮೊದಲು ಪರೀಕ್ಷೆ, ಆಮೇಲೆ ಅಜ್ಜಿ" ಎಂದು ಗದರಿಸಿ ಪುಸ್ತಕವನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ಅದಾಗಿ ತಿಂಗಳು ಕಳೆದಿರಬಹುದು. ನಮ್ಮ ಅಕ್ಕ ಒಂದು ರಾತ್ರಿ, "ಯಾಕೋ ಸಂಕಟವಾಗುತ್ತಿದೆ ಕಣೋ" ಎಂದಳು. ಆಸ್ಪತ್ರೆಗೆ ಕರೆದೊಯ್ದೆ. "ಎದೆನೋವು ಇದೆಯೆ?" ಎಂದು ಎಳೆಯ ವೈದ್ಯರು ಕೇಳಿದರು. "ಇಲ್ಲ" ಎಂದಳು ಅಕ್ಕ. ಅವಳ ಮಟ್ಟಿಗೆ ಅದು ಸತ್ಯವೇ, ಅದು ನೋವಾಗಿರಲಿಲ್ಲ. ಅಜೀರ್ಣದ ಔಷಧಿ ಬರೆಯಲು ಲೇಖನಿ ಎತ್ತಿದರು. ಪಕ್ಕದಲ್ಲಿದ್ದ ನಾನು, ಹೃದಯದ ಚಿತ್ರವನ್ನು ವರ್ಷ ವರ್ಷವೂ ಬಿಡಿಸುವ ನಾನು, ತೆಪ್ಪಗೆ ನಿಂತಿದ್ದೆ. ಬಾಗಿಲಲ್ಲಿದ್ದ ಹಿರಿಯ ದಾದಿ ಹತ್ತಿರ ಬಂದು, "ಸಂಕಟ ಅಂದರೆ ಹೇಗಮ್ಮ? ಕಲ್ಲು ಹೇರಿದ ಹಾಗೋ? ಬೆವರು ಬಂತೆ?" ಎಂದು ವಿಚಾರಿಸಿದಳು. ಅಕ್ಕ ತಲೆಯಾಡಿಸಿದಳು. ಇ.ಸಿ.ಜಿ. ತೆಗೆದರು. ಅದು ಹೃದಯಾಘಾತವೇ ಆಗಿತ್ತು. ಅಕ್ಕ ಉಳಿದಳು, ಉಳಿಸಿದ್ದು ಆ ದಾದಿಗೆ ತಿಳಿದಿದ್ದ ಒಂದು ಕನ್ನಡದ ಮಾತು.

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ. ಅಲ್ಲಿಂದ ಸ್ಟೆತಾಸ್ಕೋಪು ಹುಟ್ಟಿತು. ಎದೆಯ ಬಡಿತವನ್ನು ಅದು ಕೇಳಿಸುತ್ತದೆ, ರೋಗಿಯ ಮಾತನ್ನು ಕೇಳಿಸಲಾರದು. ಅದಕ್ಕೆ ಬೇರೆ ಕಿವಿ ಬೇಕು. ಡಾ. ಎಂ. ಶಿವರಾಂ, ಡಾ. ಅನುಪಮಾ ನಿರಂಜನ ಇವರಂಥ ವೈದ್ಯರು ಕನ್ನಡದಲ್ಲಿ ಬರೆದದ್ದು ಬಿಡುವಿನ ವೇಳೆಯ ವಿನೋದವೆಂದು ನಾನು ಬಹುಕಾಲ ತಿಳಿದಿದ್ದೆ. ಅದೂ ಚಿಕಿತ್ಸೆಯ ಒಂದು ಭಾಗವೇ ಎಂದು ಈಗ ತೋರುತ್ತದೆ. ಹಾಗೆಂದು ಪರೀಕ್ಷೆ ಬೇಡವೆನ್ನಲಾರೆ; ಆ 180 ಪ್ರಶ್ನೆಗಳನ್ನು ದಾಟದೆ ಈ ಹುಡುಗಿ ರೋಗಿಯ ಬಳಿಗೆ ವೈದ್ಯಳಾಗಿ ಹೋಗುವಂತಿಲ್ಲ. ಆದರೆ ಅವಳ ಸಿದ್ಧತೆ ನನ್ನ ಲೆಕ್ಕಕ್ಕಿಂತ ಮೊದಲೇ ಆರಂಭವಾಗಿತ್ತು. ಅದಕ್ಕೆ ಬೀಗ ಹಾಕಿದವನು ನಾನು.

ಮರುವಾರ ಖಾನೆ ತೆಗೆದು ಪುಸ್ತಕವನ್ನು ಹಿಂದಿರುಗಿಸಿದೆ. ನಡೆದುದನ್ನು ಮುಚ್ಚಿಡದೆ ಹೇಳಿ, "ಸಂಕಟ ಎಂಬ ಮಾತನ್ನೂ ಸೇರಿಸಿಕೋ ಅಮ್ಮ" ಎಂದೆ. ಅವಳು ಮೊದಲ ಅಂಕಣದಲ್ಲಿ ಆ ಮಾತನ್ನು ಬರೆದಳು. ಎರಡನೆಯದಕ್ಕೆ ಬಂದಾಗ ಲೇಖನಿ ನಿಂತಿತು.

"ಸಾರ್, ನಿಮ್ಮ ಅಕ್ಕನವರು ಈಗ ಮಾತಾಡುತ್ತಾರಲ್ಲವೆ? ನಾನೇ ಬಂದು ಅವರನ್ನು ಕೇಳಿ ಬರೆದುಕೊಳ್ಳಲೆ?"