ನೂತನ ವಿದ್ಯಾಲಯದಿಂದ 371(ಜೆ)ವರೆಗೆ

ಸಿಇಟಿ ಅರ್ಜಿ ತುಂಬುವಾಗ 371(ಜೆ) ಅಂತ ಒಂದು ಕಾಲಂ ಬರುತ್ತಲ್ಲ, ಅದನ್ನು ನೋಡಿ ದಕ್ಷಿಣದ ಗೆಳೆಯರು "ನಿಮಗ್ಯಾಕೆ ಬೇರೆ ಕೋಟಾ?" ಅಂತ ಕೇಳೋದುಂಟು. ಉತ್ತರವನ್ನು ಕಲಬುರಗಿಯ ಒಂದು ಹಳೇ ಶಾಲೆಯಿಂದ ಶುರು ಮಾಡಬಹುದು.

ನೂತನ ವಿದ್ಯಾಲಯ ಶುರುವಾದದ್ದು 1907ರಲ್ಲಿ. ಆಗ ಕಲಬುರಗಿ, ರಾಯಚೂರು, ಬೀದರ್ ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿ, ಕೋರ್ಟು ಎಲ್ಲಾ ಉರ್ದು. ಸರ್ಕಾರಿ ಹೈಸ್ಕೂಲಿನ ಪಾಠವೂ ಉರ್ದುವಿನಲ್ಲೇ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. 1929ರಲ್ಲಿ ಅದರ ಇಂಜಿನಿಯರಿಂಗ್ ಕಾಲೇಜು. ಅಲ್ಲಿ ಇಂಜಿನಿಯರಿಂಗನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ದೇಶಭಾಷೆಯಲ್ಲಿ ತಾಂತ್ರಿಕ ಶಿಕ್ಷಣ ಸಾಧ್ಯಾನಾ ಅಂತ ಇವತ್ತು ಚರ್ಚೆ ಮಾಡೋರು ಇದನ್ನು ನೋಡಬೇಕು, ನಿಜಕ್ಕೂ ದೊಡ್ಡ ಕೆಲಸ ಅದು. ಆದರೆ ಸೇಡಂ ತಾಲ್ಲೂಕಿನ ಕೋಡ್ಲಾದಂಥ ಹಳ್ಳಿಯ ಹುಡುಗನಿಗೆ ಅದು ಮನೆಮಾತಲ್ಲ. ಅದೇ ತಾಲ್ಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲೇ ಕವಿರಾಜಮಾರ್ಗ ಹುಟ್ಟಿತ್ತು ಅನ್ನೋದು ಬೇರೆ ಮಾತು!

ಇಂಥಾ ಹೊತ್ತಿನಲ್ಲಿ ಖಾಸಗಿಯಾಗಿ ಕಟ್ಟಿದ ಶಾಲೆಗಳು ಬಹಳ ಕಡಿಮೆ. ಉರ್ದುವಿನಲ್ಲಿ ಓದಿದವರು ಕನ್ನಡ ಬಿಟ್ಟರು ಅಂತಲ್ಲ. ರಾಯಚೂರು ಕಡೆಯ ಶಾಂತರಸರು ಗಜಲನ್ನೇ ಕನ್ನಡಕ್ಕೆ ತಂದರು. ಆದರೆ ಅಕ್ಷರ ಕಲಿಯೋಕೇ ಭಾಷೆ ದಾಟಬೇಕಾದಾಗ, ಬಹುತೇಕ ಮಕ್ಕಳು ದಾಟೋದೇ ಇಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಆ ದಿನಗಳ ರಜಾಕಾರರ ದಾಳಿಯಲ್ಲಿ ಭಾಲ್ಕಿ ತಾಲ್ಲೂಕಿನ ವರವಟ್ಟಿಯ ಒಬ್ಬ ಪುಟ್ಟ ಹುಡುಗ ತಾಯಿಯನ್ನು ಕಳೆದುಕೊಂಡ. ಮುಂದೆ ಕಲಬುರಗಿಗೆ ಬಂದು ಓದಿದ್ದು ಇದೇ ನೂತನ ವಿದ್ಯಾಲಯದಲ್ಲಿ. ಹೆಸರು ಮಲ್ಲಿಕಾರ್ಜುನ ಖರ್ಗೆ.

1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಮೈಸೂರಿನ ಕಡೆ ಅಷ್ಟು ಹೊತ್ತಿಗೆ ಶಾಲೆ, ಕಾಲೇಜು, ನೌಕರಿ ಎಲ್ಲದಕ್ಕೂ ತಲೆಮಾರುಗಳ ಅಭ್ಯಾಸವಿತ್ತು. ಇಲ್ಲಿಯವರು ಸಾಲಿನ ತುದಿಯಲ್ಲಿ ನಿಂತರು. ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. 2012ರ ಕೊನೆಗೆ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿದಾಗ ಖರ್ಗೆಯವರು ಕೇಂದ್ರದಲ್ಲಿ ಕಾರ್ಮಿಕ ಸಚಿವರು. ಅದನ್ನು ತರುವುದರಲ್ಲಿ ಅವರ ಪಾತ್ರ ದೊಡ್ಡದು. ಪಕ್ಷ ಯಾವುದೇ ಇರಲಿ, ಇಷ್ಟನ್ನು ಒಪ್ಪಬೇಕು.

ಈಗ ಈ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗಿನವುಗಳಲ್ಲಿ ಶೇ. 8 ಸೀಟು ಇಲ್ಲಿಯವರಿಗೆ. ನಮ್ಮ ಲ್ಯಾಬಿನ ಪಕ್ಕದ ಬೆಂಚಿನಲ್ಲಿ ಕೂರುವ ಸೇಡಂ, ಚಿತ್ತಾಪುರದ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ತಮ್ಮ ಮನೆಯಿಂದ ಇಂಜಿನಿಯರಿಂಗಿಗೆ ಬಂದ ಮೊದಲನೆಯವರು.